ರಿಪೇರಿಯೂ ಒಂದು ವಿದ್ಯೆ

(ಸಂಘದ ವಾರ್ಷಿಕ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ವೃತ್ತಿ ಮಾರ್ಗದರ್ಶನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ನನ್ನನ್ನು ಕರೆಸಿದ್ದಾರೆ. ಇಂಜಿನಿಯರಿಂಗ್, ವೈದ್ಯಕೀಯ, ಆಡಳಿತ ಸೇವೆ ಇವುಗಳ ಬಗ್ಗೆ ಹೇಳಲು ನನಗಿಂತ ಬಲ್ಲವರು ಇದೇ ವೇದಿಕೆಯಲ್ಲಿದ್ದಾರೆ. ನಾನು ಸಾಲ್ಡರಿಂಗ್ ಐರನ್ ಹಿಡಿದು ಕೆಲಸ ಮಾಡುವ ಮೇಜಿನಿಂದ ಎದ್ದು ಬಂದವನು. ಆದ್ದರಿಂದ ದೊಡ್ಡ ವಿಷಯಗಳನ್ನು ಬಿಟ್ಟು ಒಂದು ಕೆಟ್ಟ ಪೆಟ್ಟಿಗೆಯ ಬಗ್ಗೆ ಮಾತನಾಡುತ್ತೇನೆ. ಅದು ಮನೆಯ ಆಡಿಯೋ ರಿಸೀವರ್. ಒಳಗೇ ರೇಡಿಯೋ ಟ್ಯೂನರ್ ಇರುವ, ಟಿವಿ, ಸಿಡಿ ಪ್ಲೇಯರ್, ಮೊಬೈಲ್ ಮುಂತಾದವನ್ನು ಜೋಡಿಸಬಹುದಾದ, ಎರಡೋ ಐದೋ ಸ್ಪೀಕರ್‌ಗಳನ್ನು ನುಡಿಸುವ ಆಂಪ್ಲಿಫೈಯರ್ ಅದು.

ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂಥದೊಂದು ಪೆಟ್ಟಿಗೆ ಇದೆ. ಗಲ್ಫ್‌ನಲ್ಲಿ ದುಡಿದ ತಂದೆಯೋ ಮಾವನೋ ರಜೆಗೆ ಬರುವಾಗ ತಂದದ್ದು. ಹಲವು ವರ್ಷ ಚೆನ್ನಾಗಿ ನುಡಿದು ಒಂದು ದಿನ ಮೂಕವಾಗಿ ಅಟ್ಟ ಸೇರಿರುತ್ತದೆ. ಅದನ್ನು ಅಟ್ಟದಿಂದ ಇಳಿಸಿ, ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಬಗೆಯನ್ನು ಹೇಳುತ್ತೇನೆ. ಈ ಹುಡುಕಾಟದ ಕ್ರಮ ನಿಮ್ಮ ಭೌತಶಾಸ್ತ್ರದ ಪಾಠಕ್ಕೂ ಬದುಕಿಗೂ ಉಪಯೋಗಕ್ಕೆ ಬಂದೀತು.

ಮೊದಲು ಕೇಳಿ, ಆಮೇಲೆ ಬಿಚ್ಚಿ

ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ ಹೆಸರನ್ನು ನೀವು ಕೇಳಿರಬಹುದು. 1965ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ, ಇನ್ನೂ ಹುಡುಗನಾಗಿದ್ದಾಗ, ಅವರು ಊರವರ ರೇಡಿಯೋಗಳನ್ನು ರಿಪೇರಿ ಮಾಡುತ್ತಿದ್ದರು. ಒಂದು ರೇಡಿಯೋ ಸ್ವಿಚ್ ಹಾಕಿದ ಕೂಡಲೇ ಭೀಕರವಾಗಿ ಗದ್ದಲ ಮಾಡಿ, ಸ್ವಲ್ಪ ಹೊತ್ತಿನ ಮೇಲೆ ಸರಿಯಾಗುತ್ತಿತ್ತು. ಹುಡುಗ ಅದನ್ನು ಬಿಚ್ಚಲಿಲ್ಲ. ಆ ಕಡೆಯಿಂದ ಈ ಕಡೆ ನಡೆದಾಡುತ್ತ ಯೋಚಿಸಿದ. ಕವಾಟಗಳು, ಅಂದರೆ ವಾಲ್ವ್‌ಗಳು, ಬಿಸಿಯಾಗುವ ಸರದಿ ಹಿಂದುಮುಂದಾಗಿರಬೇಕು ಎಂದು ಊಹಿಸಿದ. ವಾಲ್ವ್‌ಗಳನ್ನು ಅದಲು ಬದಲು ಮಾಡಿದ. ರೇಡಿಯೋ ಸರಿಹೋಯಿತು. ಈ ಹುಡುಗ ಮಾಡುವುದೇನು ಎಂದು ಗೊಣಗುತ್ತಿದ್ದ ಮಾಲೀಕನೇ ಆಮೇಲೆ ಎಲ್ಲರ ಮುಂದೆ ಅವನನ್ನು ಹೊಗಳತೊಡಗಿದ. ಇದನ್ನು ಫೈನ್‌ಮನ್ ಅವರೇ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ.

ಆದ್ದರಿಂದ ರಿಪೇರಿಯ ಮೊದಲ ಉಪಕರಣ ಸ್ಕ್ರೂಡ್ರೈವರ್ ಅಲ್ಲ, ಪ್ರಶ್ನೆ. ಯಾವಾಗಿನಿಂದ ಕೆಟ್ಟಿದೆ? ಒಮ್ಮೆಗೇ ನಿಂತಿತೋ, ದಿನ ಕಳೆದಂತೆ ಸದ್ದು ಕಡಿಮೆಯಾಯಿತೋ? ಸಿಡಿಲು ಬಂದಿತ್ತೋ? ಮನೆಗೆ ಸುಣ್ಣ ಬಣ್ಣ ಮಾಡುವಾಗ ವಯರ್ ಬಿಚ್ಚಿ ಮತ್ತೆ ಹಾಕಿದ್ದಿರೋ? ವೈದ್ಯರು ನಾಡಿ ಹಿಡಿಯುವ ಮುನ್ನ ಮಾತಾಡಿಸುತ್ತಾರಲ್ಲ, ಹಾಗೆ. ಸಿಡಿಲಿನ ಮರುದಿನ ಕೆಟ್ಟ ರಿಸೀವರ್‌ನಲ್ಲಿ ಹುಡುಕಬೇಕಾದ ಜಾಗ ಬೇರೆ, ವರ್ಷಗಳ ಕಾಲ ನಿಧಾನವಾಗಿ ಹದಗೆಟ್ಟ ರಿಸೀವರ್‌ನಲ್ಲಿ ಹುಡುಕಬೇಕಾದ ಜಾಗ ಬೇರೆ.

ಹೊರಗಿನ ತಪಾಸಣೆ

ಮುಚ್ಚಳ ತೆಗೆಯುವ ಮೊದಲು ಹೊರಗಿನಿಂದಲೇ ನೋಡಬೇಕಾದ್ದು ಬಹಳಷ್ಟಿದೆ. ಪ್ಲಗ್ಗಿನಲ್ಲಿ ಕರೆಂಟ್ ಇದೆಯೇ? ಹೆಡ್‌ಫೋನ್ ತೂತಿನಲ್ಲಿ ಏನಾದರೂ ಸಿಕ್ಕಿಸಿದೆಯೇ? ಸಿಕ್ಕಿಸಿದ್ದರೆ ಹೆಚ್ಚಿನ ರಿಸೀವರ್‌ಗಳಲ್ಲಿ ಸ್ಪೀಕರ್ ಬಂದ್ ಆಗುತ್ತದೆ. ‘ಸ್ಪೀಕರ್ ಎ’, ‘ಸ್ಪೀಕರ್ ಬಿ’ ಗುಂಡಿಗಳಲ್ಲಿ ಸರಿಯಾದುದು ಒತ್ತಿದೆಯೇ? ಹಳೆಯ ರಿಸೀವರ್‌ಗಳಲ್ಲಿ ‘ಟೇಪ್ ಮಾನಿಟರ್’ ಎಂಬ ಗುಂಡಿ ಇರುತ್ತದೆ. ಧೂಳು ಒರೆಸುವಾಗ ಅದು ಒತ್ತಿಹೋದರೆ, ಟೇಪ್ ಡೆಕ್ ಇಲ್ಲದ ಮನೆಯಲ್ಲಿ ರಿಸೀವರ್ ಪೂರ್ತಿ ಮೂಕ. ಎಲ್ಲ ದೀಪ ಉರಿಯುತ್ತದೆ, ಸದ್ದು ಮಾತ್ರ ಇಲ್ಲ. ಆ ಗುಂಡಿಯನ್ನು ಹೊರಗೆ ತೆಗೆದರೆ ರಿಪೇರಿ ಮುಗಿಯಿತು.

ಹೊರದೇಶದಿಂದ ತಂದ ಪೆಟ್ಟಿಗೆಯಾದರೆ ಹಿಂಬದಿಯ ವೋಲ್ಟೇಜ್ ಸ್ವಿಚ್ಚನ್ನು ಮೊದಲು ನೋಡಿ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್. ಸೌದಿ ಅರೇಬಿಯಾದ ಮನೆಗಳಲ್ಲಿ ಬಹಳ ಕಾಲ 127 ವೋಲ್ಟ್, 60 ಹರ್ಟ್ಸ್ ಇತ್ತು. 2010ರ ನಂತರ ಅಲ್ಲಿಯೂ 230 ವೋಲ್ಟ್‌ಗೆ ಬದಲಾಯಿಸುವ ಕೆಲಸ ಆರಂಭವಾಯಿತು. ಅಲ್ಲಿ 120ರ ಕಡೆಗೆ ತಿರುಗಿಸಿಟ್ಟ ಸ್ವಿಚ್ಚನ್ನು ಹಾಗೆಯೇ ಬಿಟ್ಟು ಇಲ್ಲಿಯ ಪ್ಲಗ್ಗಿಗೆ ಹಾಕಿದರೆ ಫ್ಯೂಸ್ ಹಾರುವುದು ಖಂಡಿತ. ಫ್ಯೂಸ್ ಬದಲಿಗೆ ತಾಮ್ರದ ತಂತಿ ಸುತ್ತಿದ್ದರೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗುತ್ತದೆ.

ಒಂದು ಕಡೆಯ ಸ್ಪೀಕರ್ ಮಾತ್ರ ನುಡಿಯದಿದ್ದರೆ ಅದಲು ಬದಲಿನ ವಿಧಾನ ಉಪಯೋಗಿಸಿ. ಎಡದ ಸ್ಪೀಕರ್ ಮೂಕ ಎನ್ನೋಣ. ರಿಸೀವರ್ ಆಫ್ ಮಾಡಿ, ಹಿಂಬದಿಯಲ್ಲಿ ಎಡ ಬಲ ಸ್ಪೀಕರ್ ವಯರ್‌ಗಳನ್ನು ಅದಲು ಬದಲು ಮಾಡಿ, ಮತ್ತೆ ಹಾಕಿ. ಈಗಲೂ ಎಡದ ಸ್ಪೀಕರೇ ಮೂಕವಾಗಿದ್ದರೆ ದೋಷ ಆ ಸ್ಪೀಕರ್‌ನಲ್ಲೋ ಅದರ ವಯರ್‌ನಲ್ಲೋ ಇದೆ. ಎಡದ್ದು ನುಡಿದು ಬಲದ್ದು ಮೂಕವಾದರೆ ದೋಷ ಅದಕ್ಕಿಂತ ಹಿಂದೆ ಇದೆ. ಆಗ ಸ್ಪೀಕರ್ ವಯರ್‌ಗಳನ್ನು ಮೊದಲಿನಂತೆ ಹಾಕಿ, ಸಿಡಿ ಪ್ಲೇಯರ್‌ನಿಂದ ಬರುವ ಎಡ ಬಲ ಪಿನ್‌ಗಳನ್ನು ರಿಸೀವರ್‌ನ ಕಡೆಯಲ್ಲಿ ಅದಲು ಬದಲು ಮಾಡಿ. ಮೌನ ಬಲಕ್ಕೆ ಸರಿದರೆ ಪ್ಲೇಯರ್ ಅಥವಾ ಅದರ ಕೇಬಲ್ ಕೆಟ್ಟಿದೆ. ಎಡದಲ್ಲೇ ಉಳಿದರೆ ರಿಸೀವರ್ ಕೆಟ್ಟಿದೆ. ನೋಡಿ, ಕೈಯಲ್ಲಿ ಮೀಟರ್ ಇಲ್ಲದೆ, ಒಂದು ಪೈಸೆ ಖರ್ಚಿಲ್ಲದೆ, ದೋಷ ಯಾವ ಭಾಗದಲ್ಲಿದೆ ಎಂದು ತಿಳಿದುಬಿಟ್ಟಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು ಎಂಬ ನಿಯಮ ಇಲ್ಲಿ ಮುಖ್ಯ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ಹೇಳಲಾಗದು.

ಎಚ್ಚರಿಕೆ

ಇನ್ನು ಮುಚ್ಚಳ ತೆಗೆಯುವ ಮಾತು. ವಿದ್ಯಾರ್ಥಿ ಮಿತ್ರರೇ, ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಬಲ್ಲವರು ಜೊತೆಗಿಲ್ಲದೆ ಮುಚ್ಚಳ ತೆಗೆಯಬೇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಈಗಿನ ಕೆಲವು ಮಾದರಿಗಳಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು ಸ್ವಿಚಿಂಗ್ ಪವರ್ ಸಪ್ಲೈ ಇದೆ. ಅದರ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ. ಪ್ರಾಣ ತೆಗೆಯಲು ಅಷ್ಟು ಸಾಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿ ಖಾಲಿ ಮಾಡುವುದು ತಪ್ಪು ಪದ್ಧತಿ. ತಕ್ಕ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಹಿಡಿದು ಸೊನ್ನೆಯಾಗಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಕೈ ಹಾಕಬೇಕು. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ಈ ಕೆಲಸ ಬೇಡವೇ ಬೇಡ.

ಒಳಗಿನ ಹುಡುಕಾಟ

ಒಳಗೆ ಮೊದಲು ಕೆಲಸ ಮಾಡಬೇಕಾದ್ದು ಕಣ್ಣು ಮತ್ತು ಮೂಗು. ಕಪ್ಪಾದ ರೆಸಿಸ್ಟರ್, ತಲೆ ಉಬ್ಬಿದ ಕೆಪಾಸಿಟರ್, ಸುಟ್ಟ ವಾಸನೆ ಇವೆಲ್ಲ ಸುಳಿವುಗಳು. ಬಿಸಿಯಾಗುವ ಭಾಗಗಳ ಕಾಲುಗಳ ಸುತ್ತ, ರಿಲೇ ಮತ್ತು ಕನೆಕ್ಟರ್ ಪಿನ್ನುಗಳ ಬುಡದಲ್ಲಿ ಬೆಸುಗೆಯ ಮೇಲೆ ಉಂಗುರದಂಥ ಸಣ್ಣ ಬಿರುಕು ಕಾಣಬಹುದು. ಇದನ್ನೇ ನಾವು ಡ್ರೈ ಸಾಲ್ಡರ್ ಎನ್ನುತ್ತೇವೆ. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಬೆಸುಗೆ ಬಿರಿಯುತ್ತದೆ. ಪೆಟ್ಟಿಗೆಯ ಮೇಲೆ ತಟ್ಟಿದಾಗ ಸದ್ದು ಬಂದು ಹೋಗುತ್ತಿದ್ದರೆ ಮೊದಲ ಅನುಮಾನ ಅದರ ಮೇಲೆ.

ಫ್ಯೂಸ್ ಹೋಗಿದ್ದರೆ ಅದರ ಗಾಜನ್ನು ನೋಡಿ. ತಂತಿ ಸುಮ್ಮನೆ ತುಂಡಾಗಿದ್ದರೆ ಅದು ಹಳತಾಗಿ ಹೋಗಿರಬಹುದು. ಗಾಜು ಕಪ್ಪಾಗಿ ಅಥವಾ ಬೆಳ್ಳಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ದೊಡ್ಡ ಶಾರ್ಟ್ ಇದೆ. ಆಗ ಹೊಸ ಫ್ಯೂಸ್ ಹಾಕಿ ನೇರವಾಗಿ ಕರೆಂಟ್ ಕೊಡಬಾರದು. ಸೀರೀಸ್ ಬಲ್ಬ್ ಉಪಯೋಗಿಸಬೇಕು. ಫೇಸ್ ವಯರ್‌ನ ದಾರಿಯಲ್ಲಿ ಒಂದು 60 ಅಥವಾ 100 ವ್ಯಾಟ್‌ನ ಹಳೆಯ ಕಾಲದ ತಂತಿ ಬಲ್ಬನ್ನು ಸೇರಿಸುವುದು. ಎಲ್‌ಇಡಿ ಬಲ್ಬ್ ಇದಕ್ಕೆ ಆಗದು. ಸ್ಪೀಕರ್‌ಗಳನ್ನು ಬಿಚ್ಚಿಟ್ಟು ಸ್ವಿಚ್ ಹಾಕಿದಾಗ ಬಲ್ಬು ಒಂದು ಕ್ಷಣ ಬೆಳಗಿ ಮಂಕಾದರೆ ದೊಡ್ಡ ಶಾರ್ಟ್ ಇಲ್ಲ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಶಾರ್ಟ್ ಇದೆ. ಆಗಲೂ ಹೆಚ್ಚಿನ ಕರೆಂಟನ್ನು ಬಲ್ಬು ತಡೆಯುವುದರಿಂದ ಹೊಸ ಭಾಗಗಳು ಸುಡುವುದಿಲ್ಲ. ಇಷ್ಟು ಅಗ್ಗದಲ್ಲಿ ಇಷ್ಟು ದುಬಾರಿ ನಷ್ಟ ತಪ್ಪಿಸುವ ಇನ್ನೊಂದು ಉಪಕರಣ ನನಗೆ ಗೊತ್ತಿಲ್ಲ.

ನಂತರ ಪವರ್ ಸಪ್ಲೈ. ಟ್ರಾನ್ಸ್‌ಫಾರ್ಮರ್‌ನಿಂದ ಬಂದ ಎಸಿಯನ್ನು ನಾಲ್ಕು ಡಯೋಡುಗಳ ಬ್ರಿಜ್ ಡಿಸಿಯಾಗಿ ಮಾಡುತ್ತದೆ. ಎರಡು ದೊಡ್ಡ ಕೆಪಾಸಿಟರ್‌ಗಳು ಅದನ್ನು ನಯಗೊಳಿಸುತ್ತವೆ. ಹೆಚ್ಚಿನ ರಿಸೀವರ್‌ಗಳಲ್ಲಿ ಧನ ಮತ್ತು ಋಣ ಎಂದು ಎರಡು ಸಮಾನ ವೋಲ್ಟೇಜುಗಳು ಇರುತ್ತವೆ. ಉದಾಹರಣೆಗೆ ಪ್ಲಸ್ 40, ಮೈನಸ್ 40. ಇವೆರಡೂ ಸರಿಯಿಲ್ಲದೆ ಮುಂದಿನದನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಸ್ಪೀಕರ್‌ನಲ್ಲಿ ‘ಗುಂಯ್’ ಎಂಬ ಹಮ್ಮಿಂಗ್ ಇದ್ದರೆ ಅದೂ ಒಂದು ಸುಳಿವು. ನಮ್ಮ 50 ಹರ್ಟ್ಸ್ ವಿದ್ಯುತ್ತು ಬ್ರಿಜ್ ದಾಟಿದಾಗ ಅದರ ಅಲೆ ಸೆಕೆಂಡಿಗೆ 100 ಆಗುತ್ತದೆ. ಒಣಗಿದ ಫಿಲ್ಟರ್ ಕೆಪಾಸಿಟರ್‌ನಿಂದ ಬರುವ ಹಮ್ಮಿಂಗ್ ಆ 100ರ ಸ್ವಲ್ಪ ತಾರಕ ದನಿ. ಇನ್‌ಪುಟ್ ಕೇಬಲ್‌ನ ಅರ್ತ್ ಬಿಟ್ಟುಹೋದಾಗ ಹೆಚ್ಚಾಗಿ ಕೇಳುವುದು 50ರ ಮಂದ್ರ ದನಿ. ಕಿವಿ ಪಳಗಿದವರಿಗೆ ಈ ವ್ಯತ್ಯಾಸ ತಿಳಿಯುತ್ತದೆ.

ಸ್ಟೀರಿಯೋ ರಿಸೀವರ್‌ನಲ್ಲಿ ರಿಪೇರಿಯವನಿಗೆ ದೊಡ್ಡ ಅನುಕೂಲವೊಂದಿದೆ. ಎಡ ಮತ್ತು ಬಲ ಚಾನೆಲ್‌ಗಳು ಅವಳಿ ಮಕ್ಕಳಿದ್ದಂತೆ. ಒಂದು ಕೆಟ್ಟಿದ್ದರೆ ಇನ್ನೊಂದು ಚೆನ್ನಾಗಿರುವುದೇ ಹೆಚ್ಚು. ಸರ್ಕ್ಯೂಟ್ ನಕ್ಷೆ ಸಿಗದಿದ್ದರೂ ಚೆನ್ನಾಗಿರುವ ಚಾನೆಲೇ ನಕ್ಷೆಯಾಗುತ್ತದೆ. ಇಲ್ಲಿ ಎಷ್ಟು ಓಮ್, ಅಲ್ಲಿ ಎಷ್ಟು ಓಮ್, ಇಲ್ಲಿ ಎಷ್ಟು ವೋಲ್ಟ್, ಅಲ್ಲಿ ಎಷ್ಟು ವೋಲ್ಟ್ ಎಂದು ಹೋಲಿಸುತ್ತ ಹೋದರೆ ವ್ಯತ್ಯಾಸ ಕಂಡ ಜಾಗದ ಆಸುಪಾಸಿನಲ್ಲೇ ದೋಷ ಇರುತ್ತದೆ.

‘ಟಿಕ್’ ಎನ್ನದ ರಿಲೇ

ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ತಾಯಿ ತಮ್ಮ ಮಗನೊಂದಿಗೆ ಒಂದು ರಿಸೀವರ್ ತಂದರು. ತೀರಿಹೋದ ಯಜಮಾನರು ತಂದಿಟ್ಟ ಪೆಟ್ಟಿಗೆ ಅದು. ಸ್ವಿಚ್ ಹಾಕಿದರೆ ದೀಪ ಉರಿಯುತ್ತದೆ, ಸದ್ದಿಲ್ಲ. ಬೇರೊಂದು ಕಡೆ ತೋರಿಸಿದಾಗ ‘ಬೋರ್ಡು ಹೋಗಿದೆ, ಗುಜರಿಗೆ ಹಾಕಿ’ ಎಂದಿದ್ದರಂತೆ. ಇನ್ನೊಬ್ಬರು, ರಿಲೇ ಕೂರುತ್ತಿಲ್ಲ, ಅದನ್ನು ವಯರ್ ಹಾಕಿ ನೇರ ಮಾಡಿಬಿಡಿ ಎಂಬ ಸಲಹೆ ಕೊಟ್ಟಿದ್ದರು.

ಈ ರಿಲೇ ಎಂದರೇನು? ಸ್ವಿಚ್ ಹಾಕಿದ ಕೆಲವು ಸೆಕೆಂಡಿಗೆ ರಿಸೀವರ್ ಒಳಗಿಂದ ‘ಟಿಕ್’ ಎಂಬ ಸದ್ದು ಬರುತ್ತದೆ. ಆಂಪ್ಲಿಫೈಯರ್ ಸರಿಯಾಗಿದೆ ಎಂದು ರಕ್ಷಣಾ ಸರ್ಕ್ಯೂಟ್ ಒಪ್ಪಿದ ಮೇಲೆಯೇ ರಿಲೇ ಸ್ಪೀಕರ್‌ಗಳನ್ನು ಜೋಡಿಸುತ್ತದೆ. ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ಇದ್ದರೆ ಅದು ಜೋಡಿಸುವುದಿಲ್ಲ. ಏಕೆ? 8 ಓಮ್ ಎಂದು ಬರೆದ ಸ್ಪೀಕರ್‌ನ ಕಾಯಿಲ್ ಮೀಟರ್‌ನಲ್ಲಿ ಸುಮಾರು 6 ಓಮ್ ತೋರಿಸುತ್ತದೆ. ಅದರ ಮೇಲೆ 40 ವೋಲ್ಟ್ ಡಿಸಿ ಬಿದ್ದರೆ ಎಷ್ಟು ಶಾಖ? ನೀವು ಹತ್ತನೇ ತರಗತಿಯಲ್ಲಿ ಕಲಿತ ಲೆಕ್ಕ: ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿ. 1600 ಭಾಗಿಸು 6, ಅಂದರೆ ಸುಮಾರು 267 ವ್ಯಾಟ್. ಕೂದಲೆಳೆಯಂಥ ತಂತಿಯ ಕಾಯಿಲ್ ಸ್ವಲ್ಪವೇ ಹೊತ್ತಿನಲ್ಲಿ ಸುಟ್ಟು ಹೊಗೆಯಾಡುತ್ತದೆ.

ಸ್ಪೀಕರ್‌ಗಳನ್ನು ಬಿಚ್ಚಿಟ್ಟು ಸ್ವಿಚ್ ಹಾಕಿದೆ. ಆಗಲೂ ‘ಟಿಕ್’ ಇಲ್ಲ. ಬಿಚ್ಚಿದಾಗ ರಿಲೇ ಕೂತಿದ್ದರೆ ಸ್ಪೀಕರ್ ವಯರ್‌ನ ಶಾರ್ಟ್ ಎನ್ನಬಹುದಿತ್ತು. ಆದ್ದರಿಂದ ದೋಷ ಒಳಗಿನದು. ಪವರ್ ಸಪ್ಲೈ ನೋಡಿದೆ: ಪ್ಲಸ್, ಮೈನಸ್ ಎರಡೂ ಸರಿಯಾಗಿವೆ. ರಿಲೇಗಿಂತ ಮುಂಚೆ ಎಡ ಚಾನೆಲ್‌ನ ಔಟ್‌ಪುಟ್ ಅಳೆದೆ: ಕೆಲವೇ ಮಿಲಿವೋಲ್ಟ್. ಇದು ಆರೋಗ್ಯದ ಲಕ್ಷಣ. 50 ಮಿಲಿವೋಲ್ಟ್ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಬಲ ಚಾನೆಲ್‌ನಲ್ಲಿ ಮೂವತ್ತಕ್ಕೂ ಹೆಚ್ಚು ವೋಲ್ಟ್ ಡಿಸಿ! ರಕ್ಷಣಾ ಸರ್ಕ್ಯೂಟ್ ಕೆಟ್ಟಿರಲಿಲ್ಲ. ಕಾವಲುಗಾರನಂತೆ ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ರಿಲೇ ನೇರ ಮಾಡಿದ್ದರೆ ಆ ಮನೆಯ ಸ್ಪೀಕರ್ ಉಳಿಯುತ್ತಿರಲಿಲ್ಲ.

ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಕರೆಂಟ್ ತೆಗೆದು ಮೀಟರ್‌ನ ಡಯೋಡ್ ಸ್ಥಾನದಲ್ಲಿ ಅಳೆದೆ. ಬೇಸ್‌ನಿಂದ ಒಂದು ದಿಕ್ಕಿನಲ್ಲಿ 0.5, 0.6 ವೋಲ್ಟ್ ತೋರಿಸಿದವು, ಕಲೆಕ್ಟರ್ ಎಮಿಟರ್ ನಡುವೆ ಶಾರ್ಟ್ ಇಲ್ಲ. ಹಾಗಾದರೆ ಡಿಸಿ ಬಂದದ್ದು ಎಲ್ಲಿಂದ? ಎರಡು ಚಾನೆಲ್‌ಗಳನ್ನು ಹೋಲಿಸುತ್ತ ಹೋದಾಗ ಬಲ ಚಾನೆಲ್‌ಗೆ ಮೈನಸ್ ವೋಲ್ಟೇಜ್ ತಲುಪುತ್ತಲೇ ಇಲ್ಲ ಎಂದು ಕಂಡಿತು. ತಕ್ಕಡಿಯ ಒಂದು ಕಡೆಗೆ ಮಾತ್ರ ತೂಕ ಇಟ್ಟರೆ ಅದು ವಾಲುವಂತೆ ಔಟ್‌ಪುಟ್ ಪೂರ್ತಿ ಪ್ಲಸ್ ಕಡೆಗೆ ವಾಲಿತ್ತು. ಕಾರಣ, ಒಂದು ಕನೆಕ್ಟರ್ ಪಿನ್ನಿನ ಬುಡದಲ್ಲಿ ಬಿರಿದ ಬೆಸುಗೆ. ಹಳೆಯ ಬೆಸುಗೆ ತೆಗೆದು ಹೊಸದು ಹಾಕಿದೆ. ಔಟ್‌ಪುಟ್ ಮಿಲಿವೋಲ್ಟ್‌ಗೆ ಇಳಿಯಿತು. ‘ಟಿಕ್’ ಎಂದಿತು. ಗುಜರಿಗೆ ಹೋಗಬೇಕಿದ್ದ ಪೆಟ್ಟಿಗೆ ಬಳಸಿದ್ದು ಒಂದು ಅಕ್ಕಿಕಾಳಿನಷ್ಟು ಸೀಸ.

ನಂಬಿಕೆಯ ಪ್ರಶ್ನೆ

ಬಂಧುಗಳೇ, ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಆ ತಾಯಿಗೆ ಪೆಟ್ಟಿಗೆಯ ಒಳಗೆ ಏನಿದೆ ಎಂದು ತಿಳಿಯದು. ‘ಬೋರ್ಡು ಬದಲಾಯಿಸಿದೆ’ ಎಂದು ಹೇಳಿ ಸಾವಿರಾರು ರೂಪಾಯಿ ಕೇಳಿದ್ದರೂ ಕೊಡುತ್ತಿದ್ದರು. ರಿಪೇರಿಯ ಕಸುಬಿನಲ್ಲಿ ಪರೀಕ್ಷೆ ಇರುವುದು ಇಲ್ಲಿ. ನಮ್ಮ ಜ್ಞಾನ ಮತ್ತು ಅವರ ಅಜ್ಞಾನದ ನಡುವಿನ ಅಂತರವನ್ನು ದೋಚಲು ಬಳಸುತ್ತೇವೋ, ಸೇವೆಗೆ ಬಳಸುತ್ತೇವೋ? ಸೀಸಕ್ಕೆ ಬೆಲೆಯಿಲ್ಲ ಎಂದ ಮಾತ್ರಕ್ಕೆ ಉಚಿತವಾಗಿ ಮಾಡಬೇಕೆಂದು ನಾನು ಹೇಳುವುದಿಲ್ಲ. ಹುಡುಕಿದ ಸಮಯಕ್ಕೆ, ಕಲಿತ ವಿದ್ಯೆಗೆ ಕೂಲಿ ಪಡೆಯಬೇಕು. ಆದರೆ ಏನು ಕೆಟ್ಟಿತ್ತು, ಏನು ಮಾಡಿದೆ, ಕೂಲಿ ಎಷ್ಟು ಎಂದು ಬಿಚ್ಚಿ ಹೇಳಬೇಕು. ಬದಲಾಯಿಸಿದ ಹಳೆಯ ಭಾಗವನ್ನು ಗಿರಾಕಿಯ ಕೈಗೆ ಕೊಡಬೇಕು. ಅಗ್ಗವೆಂದು ನಕಲಿ ಟ್ರಾನ್ಸಿಸ್ಟರ್ ತಂದು ಹಾಕಬಾರದು. ಮೇಲಿನ ಅಕ್ಷರ ಒಂದೇ ಇದ್ದರೂ ಒಳಗಿನ ಚಿಪ್ಪು ಚಿಕ್ಕದಿರುತ್ತದೆ, ಸದ್ದು ಏರಿಸಿದ ದಿನ ಸುಟ್ಟುಹೋಗುತ್ತದೆ.

ಆಗದ್ದನ್ನು ಆಗದು ಎನ್ನುವ ಧೈರ್ಯವೂ ಬೇಕು. ಈಗಿನ ರಿಸೀವರ್‌ಗಳಲ್ಲಿ ಎಚ್‌ಡಿಎಂಐ ಬೋರ್ಡುಗಳಿವೆ. ಅವುಗಳ ದೊಡ್ಡ ಚಿಪ್ಪುಗಳ ಕಾಲುಗಳು ಹೊಟ್ಟೆಯಡಿ ಗೋಲಿಗಳಂತೆ ಅಡಗಿರುತ್ತವೆ. ತಕ್ಕ ಯಂತ್ರವಿಲ್ಲದೆ ಅವನ್ನು ಮುಟ್ಟಿದರೆ ಇರುವುದೂ ಕೆಡುತ್ತದೆ. ಅಂಥ ಕಡೆ ಕೈ ಮುಗಿದು ವಾಪಸ್ ಕೊಡುವುದೇ ಪ್ರಾಮಾಣಿಕತೆ.

ಕೈಗೆಲಸಕ್ಕೆ ಕೀಳರಿಮೆ ಏಕೆ?

ನಮ್ಮಲ್ಲಿ ಒಂದು ತಪ್ಪು ಭಾವನೆ ಬೇರೂರಿದೆ. ಓದು ತಲೆಗೆ ಹತ್ತದವನು ಮೆಕ್ಯಾನಿಕ್ ಆಗುತ್ತಾನೆ ಎಂದು. ಇಂದು ನಾನು ವಿವರಿಸಿದ ಹುಡುಕಾಟದಲ್ಲಿ ಊಹೆ, ಪ್ರಯೋಗ, ಅಳತೆ, ಹೋಲಿಕೆ, ನಿರ್ಣಯ ಎಲ್ಲವೂ ಇವೆ. ವಿಜ್ಞಾನದ ಪ್ರಯೋಗಾಲಯದಲ್ಲಿ ನಡೆಯುವುದೂ ಇದೇ ಅಲ್ಲವೇ?

ಬೋಸ್ ಸ್ಪೀಕರ್‌ಗಳ ಹೆಸರು ಕೇಳಿದ್ದೀರಿ. ಅದರ ಸ್ಥಾಪಕ ಅಮರ್ ಬೋಸ್ ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮನೆಯ ವ್ಯಾಪಾರ ಸೊರಗಿದಾಗ, ಹದಿಮೂರರ ಆಸುಪಾಸಿನ ಹುಡುಗ ಅಮರ್ ಶಾಲೆ ಬಿಟ್ಟ ಮೇಲೆ ರೇಡಿಯೋ ರಿಪೇರಿ ಮಾಡಿ ಮನೆಗೆ ನೆರವಾದರು. ಮುಂದೆ ಎಂಐಟಿ ಎಂಬ ವಿಶ್ವವಿಖ್ಯಾತ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, 1964ರಲ್ಲಿ ತಮ್ಮ ಕಂಪೆನಿ ಕಟ್ಟಿದರು. 2011ರಲ್ಲಿ ಆ ಕಂಪೆನಿಯ ಬಹುಪಾಲು ಷೇರುಗಳನ್ನು ತಾವು ಕಲಿತು ಕಲಿಸಿದ ಅದೇ ಸಂಸ್ಥೆಗೆ ದಾನ ಮಾಡಿದರು. ಸಾಲ್ಡರಿಂಗ್ ಐರನ್ ಹಿಡಿದದ್ದು ಅವರ ಓದಿಗೆ ಅಡ್ಡಿಯಾಗಲಿಲ್ಲ.

ಕಾಲವೂ ರಿಪೇರಿಯ ಕಡೆಗೆ ತಿರುಗುತ್ತಿದೆ. ‘ರಿಪೇರಿಯ ಹಕ್ಕು’ ಎಂಬ ಮಾತು ಜಗತ್ತಿನೆಲ್ಲೆಡೆ ಕೇಳುತ್ತಿದೆ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಇದಕ್ಕಾಗಿ ಸಮಿತಿ ರಚಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗ್ರಾಹಕರಿಗೆ ರಿಪೇರಿಯ ಮಾಹಿತಿ ನೀಡುವ ಪೋರ್ಟಲ್ ಆರಂಭವಾಯಿತು. ಹೊಸ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಒಂದು ರಿಸೀವರ್ ಗುಜರಿ ಸೇರಿದರೆ ಅದರ ತಾಮ್ರ, ಅಲ್ಯೂಮಿನಿಯಂಗಳ ಜೊತೆ ಸೀಸವೂ ಹೋಗುತ್ತದೆ. ಅದನ್ನು ಬಯಲಲ್ಲಿ ಸುಟ್ಟು ಲೋಹ ತೆಗೆಯುವವರ ಶ್ವಾಸಕೋಶಕ್ಕೆ ಆ ವಿಷ ಸೇರುತ್ತದೆ. ಒಂದು ಪೆಟ್ಟಿಗೆಯನ್ನು ಇನ್ನು ಹತ್ತು ವರ್ಷ ಬಾಳಿಸಿದರೆ ಅಷ್ಟರ ಮಟ್ಟಿಗೆ ನೆಲಕ್ಕೂ ಜನಕ್ಕೂ ಒಳ್ಳೆಯದು.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಯಲ್ಲಿ ಎರಡು ವರ್ಷದ ‘ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್’ ತರಬೇತಿ ಇದೆ. ಕಾಲೇಜಿಗೆ ಹೋಗುವವರೂ ರಜೆಯಲ್ಲಿ ಒಂದು ಮಲ್ಟಿಮೀಟರ್ ಕೊಂಡು ಬ್ಯಾಟರಿಯಿಂದ ನಡೆಯುವ ಸಣ್ಣ ರೇಡಿಯೋದಿಂದ ಕಲಿಕೆ ಆರಂಭಿಸಬಹುದು. ಅದರಲ್ಲಿ ಶಾಕ್ ಹೊಡೆಯುವ ಭಯವಿಲ್ಲ. ಹೆಣ್ಣುಮಕ್ಕಳಿಗೆ ಇದು ಹೇಳಿಸಿದ ಕೆಲಸವಲ್ಲ ಎಂದುಕೊಂಡ ಹೆತ್ತವರಿಗೆ ಒಂದು ಮಾತು: ಸಣ್ಣ ಬೆಸುಗೆಗೆ ಬೇಕಾದದ್ದು ತೋಳಿನ ಬಲವಲ್ಲ, ತಾಳ್ಮೆ ಮತ್ತು ಹದವಾದ ಕೈ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಒಂದು ಕೋಣೆ, ನಾಲ್ಕು ಮೇಜು, ನಾಲ್ಕು ಮೀಟರ್, ಒಂದು ಸೀರೀಸ್ ಬಲ್ಬ್ ಬೋರ್ಡ್, ವಾರಕ್ಕೊಮ್ಮೆ ಬರಬಲ್ಲ ಒಬ್ಬ ಅನುಭವಿ ಇಷ್ಟನ್ನು ಒದಗಿಸಿ. ಊರವರು ತಮ್ಮ ಅಟ್ಟದ ಪೆಟ್ಟಿಗೆಗಳನ್ನು ತಂದುಕೊಡಲಿ. ನಮ್ಮ ಮಕ್ಕಳು ಅವುಗಳ ಮೇಲೆ ಕಲಿಯಲಿ. ಬಹುಮಾನವಾಗಿ ಕೊಡುವ ಸ್ಟೀಲ್ ಲೋಟಕ್ಕಿಂತ ಅದು ಹೆಚ್ಚು ಕಾಲ ಬಾಳುವ ಕೊಡುಗೆಯಾದೀತು.

ವಿದ್ಯಾರ್ಥಿ ಮಿತ್ರರೇ, ಕೆಟ್ಟದ್ದನ್ನು ಎಸೆಯಲು ಕಲಿಯಬೇಕಾಗಿಲ್ಲ. ಕೆಟ್ಟದ್ದು ಎಲ್ಲಿ, ಏಕೆ ಎಂದು ಹುಡುಕಿ ಸರಿಪಡಿಸಲು ಮಾತ್ರ ಕಲಿಯಬೇಕು. ಆ ಕಲಿಕೆಗೆ ಇವತ್ತೇ ಮನಸ್ಸು ಮಾಡಿ.